ತುದಿಕೊಂಬೆಯ ಗೂಡು

ಕಂಕನಾಡಿಯಲ್ಲಿ ನನ್ನ ಮೋಟಾರ್ ರಿಪೇರಿ ಅಂಗಡಿ ಇದ್ದ ಕಟ್ಟಡದ ಧಣಿ ಮಳೆಯ ಸುದ್ದಿಯನ್ನು ಮೊಬೈಲಿನಲ್ಲಿ ನೋಡುವವರಲ್ಲ. ಬೇಸಿಗೆ ಮುಗಿಯುವಾಗ ಲುಂಗಿ ಎತ್ತಿ ಕಟ್ಟಿ, ಅಂಗಳದ ಮಾವಿನ ಮರದ ಕೆಳಗೆ ಕತ್ತು ಮೇಲೆ ಮಾಡಿ ನಿಲ್ಲುತ್ತಿದ್ದರು. ಕಾಗೆ ಕೆಳಗಿನ ಕೊಂಬೆಯಲ್ಲಿ ಗೂಡು ಕಟ್ಟಿದರೆ ಜೋರು ಮಳೆ, ತುದಿಯಲ್ಲಿ ಕಟ್ಟಿದರೆ ಕಡಿಮೆ. "ಕಾಗೆಗೆ ಗೊತ್ತುಂಟು ಮಾರಾಯ" ಎಂದರೆ ಮಾತು ಮುಗಿಯಿತು.

ಆ ವರ್ಷ ಬೇಸಿಗೆಗೆ ಮೊದಲೇ, ಕಾರು ನಿಲ್ಲಿಸಲಿಕ್ಕೆಂದು ಮರದ ಕೆಳಗಿನ ಕೊಂಬೆಗಳನ್ನೆಲ್ಲ ಕಡಿಸಿದರು. ಚರಂಡಿಗೂ ಕಾಂಕ್ರೀಟ್ ಹಾಕಿ ಮುಚ್ಚಿಸಿದರು. ಚರಂಡಿ ತೆರೆಸಿಕೊಡಿ, ಮಳೆ ಬಂದರೆ ನೀರು ಅಂಗಡಿಗೆ ನುಗ್ಗುತ್ತದೆ ಎಂದೆ.

"ಗೂಡು ತುದಿಯಲ್ಲಿ ಉಂಟು. ಈ ಸಲ ಎಂತ ಮಳೆ?"

"ಕೆಳಗೆ ಕೊಂಬೆ ಎಲ್ಲಿ ಉಂಟು ಧಣಿ, ಅದು ಕಟ್ಟಲಿಕ್ಕೆ?"

"ನೀನು ವಯರ್ ಸುತ್ತು. ಕಾಗೆಗೆ ಗೊತ್ತುಂಟು ಮಾರಾಯ" ಎಂದು ನಕ್ಕರು. ಸುಟ್ಟ ಮೋಟಾರುಗಳಿಗೆ ವಯರ್ ಸುತ್ತಿಯೇ ಆ ಅಂಗಡಿ ನಿಲ್ಲಿಸಿದವ ನಾನು. ಆ ನಗು ಈಗಲೂ ಉರಿಸುತ್ತದೆ.

ಜೂನಿನ ಮೊದಲ ಜೋರು ಮಳೆಗೇ ಅಂಗಡಿಯೊಳಗೆ ಮೊಣಕಾಲುದ್ದ ನೀರು. ಗಿರಾಕಿಗಳ ಮೋಟಾರುಗಳೆಲ್ಲ ಕೆಸರಿನಲ್ಲಿ. ಧಣಿ ಕೊಡೆ ಹಿಡಿದು ಬಂದರು. ಅಂಗಡಿಯ ಕಡೆ ತಿರುಗಿಯೂ ನೋಡದೆ, ಮರ ನೋಡಿ, "ಈಗಿನ ಕಾಗೆಗಳಿಗೂ ಬುದ್ಧಿ ಇಲ್ಲ" ಎಂದರು.

ನಾನು ಪಿಕ್ಕಾಸು ತಂದು ಅವರ ಕಣ್ಣೆದುರೇ ಕಾಂಕ್ರೀಟ್ ಒಡೆಯತೊಡಗಿದೆ.

"ಯಾರನ್ನು ಕೇಳಿ ಒಡೀತಿ?"

ಅಂಗಡಿಯಿಂದ ನೀರು ಇಳಿಯುವವರೆಗೂ ಕೈ ನಿಲ್ಲಿಸಲಿಲ್ಲ.