ಕೌದಿ ಹೊದ್ದ ಎಂಜಿನ್

ವಿಮಾನಕ್ಕೆ ಕೌದಿ ಹೊದಿಸಿದ್ದನ್ನು ನಾನು ನೋಡಿದ್ದು ಒಂದೇ ಒಂದು ಚಳಿಗಾಲದಲ್ಲಿ. ಇಸವಿ ಎರಡು ಸಾವಿರ ಬರಲು ಇನ್ನೂ ಒಂದು ವರ್ಷ ಬಾಕಿ ಇತ್ತು. ನನ್ನ ಹೆಂಡತಿ ನ್ಯೂಜೆರ್ಸಿಯ ಆಫೀಸ್ ಪಾರ್ಕೊಂದರಲ್ಲಿ ಕುಳಿತು ಹಳೆಯ ಪ್ರೋಗ್ರಾಮುಗಳಲ್ಲಿ ಇಸವಿಯ ಎರಡಂಕಿಯನ್ನು ನಾಲ್ಕಂಕಿ ಮಾಡುತ್ತಿದ್ದಳು. ಬೆಂಗಳೂರಿನ ದಿನಪತ್ರಿಕೆಯೊಂದರ ಸುದ್ದಿಮನೆಯಲ್ಲಿ ಹನ್ನೊಂದು ವರ್ಷ ದುಡಿದಿದ್ದ ನಾನು ಅವಳ ಅವಲಂಬಿತನಾಗಿ ವೀಸಾ ಪಡೆದು ಬಂದವನು. ಸಂಬಳದ ಕೆಲಸ ಮಾಡುವ ಹಾಗಿರಲಿಲ್ಲ. ಸಮರ್‌ಸೆಟ್‌ನ ಅಪಾರ್ಟ್‌ಮೆಂಟಿನಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಹೀಟರ್ ಟಿಕ್ ಟಿಕ್ ಎನ್ನುವುದನ್ನು ಕೇಳುತ್ತ ಇರುತ್ತಿದ್ದೆ.

ಡಾಕ್ಟರು ಪರಿಚಯವಾದದ್ದು ಕನ್ನಡ ಸಂಘದ ಊಟದ ಸಾಲಿನಲ್ಲಿ. ಬಿಜಾಪುರದ ಕಡೆಯವರು. ಮೂವತ್ತು ವರ್ಷ ಇಲ್ಲಿನ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ಕೊಡುವ ಕೆಲಸ ಮಾಡಿ ಆಗಷ್ಟೇ ನಿವೃತ್ತರಾಗಿದ್ದರು. ಹಿಂದಿನ ಆಗಸ್ಟ್‌ನಲ್ಲಿ ಅವರ ಹೆಂಡತಿ ತೀರಿಕೊಂಡಿದ್ದರು. ಹತ್ತಿರದ ಸಣ್ಣ ವಿಮಾನ ನಿಲ್ದಾಣದಲ್ಲಿ ಅವರದೊಂದು ನಾಲ್ಕು ಸೀಟಿನ ಹಳೆಯ ವಿಮಾನವಿತ್ತು. ಹೆಂಡತಿ ಹೋದ ಮೇಲೆ ಅದನ್ನು ಹಾರಿಸಿರಲಿಲ್ಲ. ಫೆಬ್ರವರಿಯ ಒಂದು ಭಾನುವಾರ ಮತ್ತೆ ಶುರು ಮಾಡುತ್ತೇನೆ, ಮೊದಲು ನಿಮ್ಮಿಬ್ಬರನ್ನೇ ಹಡ್ಸನ್ ನದಿಯ ಮೇಲೆ ಕರೆದುಕೊಂಡು ಹೋಗುತ್ತೇನೆ ಎಂದು ಮಾತು ಕೊಟ್ಟಿದ್ದರು.

"ಇದೊಂದ ಉಳದೈತಿ ನೋಡ್ರಿ ನನಗ," ಅಂದಿದ್ದರು. "ಇದೂ ಬಿಟ್ರ ಮನ್ಯಾಗ ಕುಂತು ಹವಾಮಾನ ಚಾನೆಲ್ ನೋಡೂದು ಅಷ್ಟ."

ಜನವರಿಯಲ್ಲಿ ಒಂದು ದಿನ ಫೋನ್ ಮಾಡಿದರು.

"ಸಂಪಾದಕರ, ನಿಮಗೊಂದ ಕೆಲಸ ಐತಿ. ಪಗಾರ ಇಲ್ಲ, ಅದಕ್ಕ ವೀಸಾಕ್ಕೇನೂ ಧಕ್ಕಿ ಇಲ್ಲ."

"ಏನು ಕೆಲಸ ಡಾಕ್ಟ್ರೇ?"

"ಯಾರೋ ನನ್ನ ಎಂಜಿನ್ ಕಾಸಾಕತ್ತಾರ. ಯಾರಂತ ಪತ್ತೆ ಹಚ್ಚಬೇಕು."

ಸಣ್ಣ ವಿಮಾನದ ಎಂಜಿನ್ನನ್ನು ಅಲ್ಲಿನ ಚಳಿಯಲ್ಲಿ ಹಾಗೇ ಚಾಲೂ ಮಾಡುವಂತಿಲ್ಲ ಎಂಬುದು ನನಗೆ ಗೊತ್ತಾದದ್ದು ಆ ದಿನ ಅವರು ನನ್ನನ್ನು ಹ್ಯಾಂಗರಿಗೆ, ಅಂದರೆ ವಿಮಾನ ನಿಲ್ಲಿಸುವ ಶೆಡ್ಡಿಗೆ, ಕರೆದೊಯ್ದಾಗ. ಒಳಗಿನ ಎಣ್ಣೆ ಹೆಪ್ಪುಗಟ್ಟಿದ ಜೇನಿನ ಹಾಗೆ ಮಂದವಾಗಿರುತ್ತದೆ. ಅದು ಹರಿದು ಎಲ್ಲ ಕಡೆ ತಲುಪುವ ಮುಂಚೆಯೇ ಲೋಹಕ್ಕೆ ಲೋಹ ಉಜ್ಜಿ ಸವೆಯುತ್ತದೆ. ಆದ್ದರಿಂದ ಎಣ್ಣೆಯ ತೊಟ್ಟಿಯ ತಳಕ್ಕೆ ಅಂಗೈಯಗಲದ ವಿದ್ಯುತ್ ಹೀಟರ್ ಅಂಟಿಸಿರುತ್ತಾರೆ. ವಿಮಾನದ ಮೂಗಿನಲ್ಲಿ ಗಾಳಿ ಹೋಗುವ ಎರಡೂ ಹೊಳ್ಳೆಗಳಿಗೆ ಸ್ಪಂಜು ತುರುಕಿ, ಮೇಲೆ ದಪ್ಪನೆಯ ಹೊದಿಕೆ ಹಾಕಿ ಐದಾರು ಗಂಟೆ ಕಾಯಿಸುತ್ತಾರೆ. ಅಂಗಡಿಯಲ್ಲಿ ಇದಕ್ಕೆಂದೇ ಹೊಲಿದ ಹೊದಿಕೆ ಸಿಗುತ್ತದೆ. ಡಾಕ್ಟರ ವಿಮಾನಕ್ಕಿದ್ದದ್ದು ಕೌದಿ. ಹಳೆಯ ಇಳಕಲ್ ಸೀರೆಗಳನ್ನು ಪದರ ಪದರ ಹಾಕಿ ಅವರ ಹೆಂಡತಿ ಕೈಯಲ್ಲೇ ಹೊಲಿದದ್ದು.

"ಕಡೀ ಮೂಲಿ ಮುಟ್ಟಿ ನೋಡ್ರಿ," ಅಂದರು ಡಾಕ್ಟರು. ಬಟ್ಟೆಯೊಳಗೆ ನಾಲ್ಕೈದು ಗಟ್ಟಿ ಕಾಳುಗಳು ಕೈಗೆ ಸಿಕ್ಕಿದವು. "ಜ್ವಾಳ. ಅವರ ಮನ್ಯಾಗಿನ ಪದ್ಧತಿ. ಹಸದ ಕೌದಿ ಮೈ ಬೆಚ್ಚಗ ಇಡೂದಿಲ್ಲಂತ. ಇಲಿ ಬರ್ತಾವ ಅಂತ ಮೆಕ್ಯಾನಿಕ್ ಬೈತಾನ. ಒಂದೂ ಬಂದಿಲ್ಲ."

ಕಾಯಿಸುವುದಕ್ಕೂ ಒಂದು ಕಟ್ಟುನಿಟ್ಟಿದೆ. ಬಿಸಿ ಮಾಡಿ ಹಾರಿಸದೆ ಬಿಟ್ಟರೆ ಎಂಜಿನ್ ಒಳಗೊಳಗೇ ಬೆವರುತ್ತದೆ, ಆ ಬೆವರಿನಿಂದ ತುಕ್ಕು ಹಿಡಿಯುತ್ತದೆ. ಹಾರುವ ದಿನವಷ್ಟೇ ಕಾಯಿಸಬೇಕು. ಅದಕ್ಕಾಗಿ ಡಾಕ್ಟರು ಹ್ಯಾಂಗರಿಗೆ ಒಂದು ಫೋನ್ ಲೈನ್ ಹಾಕಿಸಿ, ಅದಕ್ಕೊಂದು ಸ್ವಿಚ್ ಪೆಟ್ಟಿಗೆ ಜೋಡಿಸಿದ್ದರು. ಎಲ್ಲಿಂದಲಾದರೂ ಆ ನಂಬರಿಗೆ ಫೋನ್ ಮಾಡಿದರೆ ಎರಡು ರಿಂಗಾದ ಮೇಲೆ ಪೆಟ್ಟಿಗೆ ತಾನೇ ಎತ್ತಿಕೊಂಡು 'ಪೀಂ' ಅನ್ನುತ್ತದೆ. ಐದು ಒತ್ತಿದರೆ ಹೀಟರ್ ಹೊತ್ತಿಕೊಳ್ಳುತ್ತದೆ, ಸೊನ್ನೆ ಒತ್ತಿದರೆ ಆರುತ್ತದೆ. ಡಾಕ್ಟರು ಆಸ್ಪತ್ರೆಯಲ್ಲಿದ್ದ ದಿನಗಳಲ್ಲಿ, ವೆಸ್ಟ್ ವಿಂಡ್ಸರ್‌ನ ಮನೆಯಿಂದ ಬೆಳಿಗ್ಗೆ ಹತ್ತಕ್ಕೆ ಫೋನ್ ಮಾಡಿ ಐದು ಒತ್ತುತ್ತಿದ್ದವರು ಅವರ ಹೆಂಡತಿ. ಮಧ್ಯಾಹ್ನ ಡಾಕ್ಟರು ಡ್ಯೂಟಿ ಮುಗಿಸಿ ಬರುವಷ್ಟರಲ್ಲಿ ಎಂಜಿನ್ ಬೆಚ್ಚಗಿರುತ್ತಿತ್ತು.

ಈಗ ಹಾರಾಟವಿಲ್ಲ, ಫೋನ್ ಮಾಡುವವರಿಲ್ಲ. ಆದರೂ ಡಾಕ್ಟರು ಎರಡು ಸಲ ಹ್ಯಾಂಗರಿಗೆ ಹೋದಾಗ ಎಂಜಿನ್ ಬಿಸಿಯಾಗಿತ್ತು. ಹೀಗೇ ಆದರೆ ಫೆಬ್ರವರಿಯ ಹೊತ್ತಿಗೆ ಒಳಗೆಲ್ಲ ತುಕ್ಕು ಎಂಬುದು ಅವರ ಆತಂಕ.

ನನ್ನ ಹೆಂಡತಿ ಆಫೀಸಿಗೆ ಹೋಗುವ ದಾರಿಯಲ್ಲಿ ನನ್ನನ್ನು ನಿಲ್ದಾಣದ ಗೇಟಿನ ಬಳಿ ಇಳಿಸುತ್ತಿದ್ದಳು. "ಬೇರೆಯವರ ಗಂಡಂದಿರು ಜಾವಾ ಕಲೀತಿದಾರೆ, ನೀನು ಎಂಜಿನ್‌ಗೆ ಜ್ವರ ನೋಡ್ತಿದೀಯ," ಅನ್ನುತ್ತಿದ್ದಳು. ಮಾತು ತಪ್ಪೇನಲ್ಲ. ಎಣ್ಣೆಯ ತೊಟ್ಟಿಗೆ ತಂತಿಯಿಂದ ಜೋಡಿಸಿದ ಥರ್ಮಾಮೀಟರಿನಲ್ಲಿ ಒಳಗಿನ ಅಂಕಿ, ಹೊರಗಿನ ಅಂಕಿ ಎರಡೂ ಕಾಣುತ್ತಿದ್ದವು. ಸುದ್ದಿಮನೆಯ ಅಭ್ಯಾಸದಂತೆ ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ಸಮಯ, ಎರಡೂ ಅಂಕಿ ಬರೆದುಕೊಂಡು, ಹೀಟರ್ ಹೊತ್ತಿದ್ದರೆ ಆರಿಸಿ, ನಲವತ್ತು ನಿಮಿಷ ನಡೆದು ಮನೆ ಸೇರುತ್ತಿದ್ದೆ.

ಮೊದಲ ಮೂರು ದಿನ ಒಳಗೆ ಇಪ್ಪತ್ತೆರಡು ಡಿಗ್ರಿ, ಹೊರಗೆ ಇಪ್ಪತ್ತೊಂದು. ಅಲ್ಲಿನದು ಫ್ಯಾರನ್‌ಹೀಟ್ ಲೆಕ್ಕ, ಮೂವತ್ತೆರಡಕ್ಕೇ ನೀರು ಹೆಪ್ಪುಗಟ್ಟುತ್ತದೆ. ನಾಲ್ಕನೆಯ ದಿನ ಹೊರಗೆ ಹದಿನಾಲ್ಕು, ಒಳಗೆ ತೊಂಬತ್ತೇಳು. ಕೈಗವಸು ತೆಗೆದು ಕೌದಿಯ ಅಡಿ ಕೈ ಇಟ್ಟೆ. ತಗಡಿನ ಗೋಡೆಯ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗಿತ್ತು, ನನ್ನ ಉಸಿರು ಹೊಗೆಯಾಗುತ್ತಿತ್ತು. ಕೌದಿಯ ಕೆಳಗೆ ಮಾತ್ರ ನಿದ್ದೆಯಲ್ಲಿದ್ದವರ ಬೆನ್ನನ್ನು ಮುಟ್ಟಿದ ಹಾಗಿತ್ತು. ಆ ಶಾಖಕ್ಕೆ ಹಳೆಯ ಸೀರೆಗಳಿಂದ ಒಗ್ಗರಣೆಯ ವಾಸನೆ ಸಣ್ಣಗೆ ಏಳುತ್ತಿತ್ತು. ಅದನ್ನು ನೋಟ್‌ಬುಕ್ಕಿಗೆ ಬರೆಯಲಿಲ್ಲ. ಅಳೆಯಲಾಗದ್ದನ್ನು ಬರೆಯುವ ರೂಢಿ ನನಗಿಲ್ಲ.

ನಿಲ್ದಾಣದ ಮೆಕ್ಯಾನಿಕ್‌ನನ್ನು ವಿಚಾರಿಸಿದೆ. ಅರವತ್ತು ದಾಟಿದ ಅಮೆರಿಕನ್. ತಾನು ಆ ಬೀಗ ಮುಟ್ಟಿಲ್ಲ ಎಂದ. ಆದರೆ ಬೆಳಿಗ್ಗೆ ಹತ್ತರ ಸುಮಾರಿಗೆ ಬೀಗ ಹಾಕಿದ ಆ ಹ್ಯಾಂಗರಿನೊಳಗೆ ಫೋನ್ ರಿಂಗಾಗುವುದು ಕೇಳಿಸುತ್ತದೆ, ಆ ಹೆಂಗಸು ಇದ್ದಾಗ ಹೇಗೆ ರಿಂಗಾಗುತ್ತಿತ್ತೋ ಹಾಗೆಯೇ, ಎಂದ. ಹೇಳಿದವನು ತಕ್ಷಣ ಸ್ಪ್ಯಾನರ್ ಹಿಡಿದು ಬೇರೆ ಕೆಲಸಕ್ಕೆ ತಿರುಗಿದ.

ಮರುದಿನ ಮನೆಗೆ ನಡೆಯದೆ ಅಲ್ಲೇ ಉಳಿದೆ. ಹ್ಯಾಂಗರಿನ ಮಡಿಸುವ ಕುರ್ಚಿಯಲ್ಲಿ ಕುಳಿತು ಫ್ಲಾಸ್ಕಿನ ಕಾಫಿ ಕುಡಿದೆ. ಹತ್ತಕ್ಕೆ ಎರಡು ನಿಮಿಷ ಇರುವಾಗ ಫೋನ್ ರಿಂಗಾಯಿತು. ಎರಡನೆಯ ರಿಂಗಿಗೆ ಪೆಟ್ಟಿಗೆ ಎತ್ತಿಕೊಂಡಿತು. ನಾನು ಮೆಲ್ಲಗೆ ಫೋನಿನ ರಿಸೀವರ್ ಎತ್ತಿ ಕಿವಿಗಿಟ್ಟುಕೊಂಡೆ. ಆ ಕಡೆ ನಲ್ಲಿಯಿಂದ ನೀರು ಬೀಳುವ ಸದ್ದು. ಯಾವುದೋ ಪಾತ್ರೆಯನ್ನು ಕಟ್ಟೆಯ ಮೇಲೆ ಇಟ್ಟ ಸದ್ದು. ಐದರ ಗುಂಡಿಯ ಸ್ವರ ಒಮ್ಮೆ ಮೊಳಗಿತು. ಲೈನ್ ಕಟ್ಟಾಯಿತು. ಕೌದಿಯ ಅಡಿಯಿಂದ ಹೀಟರಿನ ಕೆಂಪು ದೀಪದ ಬೆಳಕು ಸೋರತೊಡಗಿತು.

ಅದೊಂದು ಅಡುಗೆಮನೆ ಎಂಬುದಷ್ಟೇ ಖಚಿತವಾಯಿತು. ಅದು ಸಾಲದು. ಆ ವಾರ, ಬಂದ ಕರೆಯ ನಂಬರು ಮತ್ತು ಸಮಯ ತೋರಿಸುವ ಪುಟ್ಟ ಪೆಟ್ಟಿಗೆಯೊಂದನ್ನು ಕೊಂಡು ತಂದು ಆ ಲೈನಿಗೆ ಸಿಕ್ಕಿಸಿದೆ. ಮರುದಿನ ಬೆಳಿಗ್ಗೆ ಅದರ ಬೂದು ಪರದೆಯಲ್ಲಿ ಮೂಡಿದ್ದ ನಂಬರು ನನಗೆ ಬಾಯಿಪಾಠವಿತ್ತು. ಡಾಕ್ಟರ ಮನೆಯದು. ಆ ಮನೆಯಲ್ಲಿ ಡಾಕ್ಟರನ್ನು ಬಿಟ್ಟು ಇನ್ಯಾರೂ ಇರಲಿಲ್ಲ.

ಅವರಿಗೆ ಫೋನಿನಲ್ಲಿ ಹೇಳಿದೆ.

"ನಮ್ಮ ಮನೀ ನಂಬರಾ?"

"ಹೌದು. ನಿನ್ನೆ ಹತ್ತು ಗಂಟೆಗೆ."

"ಹತ್ತಕ್ಕಽ ಮಾಡ್ತಿದ್ಲು ನೋಡ್ರಿ ಆಕಿ," ಅಂದರು. ನಕ್ಕ ಹಾಗೆ ಕೇಳಿಸಿತು. "ಟೈಮಿನ ಬಾಬತ್ತಿನ್ಯಾಗ ಭಾಳ ಖಡಕ್."

"ನೀವು ಆ ಹೊತ್ತಿಗೆ ಎಲ್ಲಿದ್ರಿ?"

"ಇಲ್ಲೇ. ಪೇಪರ್ ಓದಾಕತ್ತಿದ್ದೆ. ಫೋನ್ ಮುಟ್ಟಿಲ್ರೀ ನಾ. ಹಾರೂದಽ ಇಲ್ಲ ಅಂದ ಮ್ಯಾಲೆ ಯಾಕ ಕಾಸಲಿ?"

ಸುಳ್ಳು ಹೇಳುವವರ ದನಿಯಲ್ಲಿ ಒಂದು ಆತುರವಿರುತ್ತದೆ. ಅಷ್ಟು ವರ್ಷಗಳಲ್ಲಿ ಅದನ್ನು ಗುರುತಿಸುವುದು ಕಲಿತಿದ್ದೆ. ಡಾಕ್ಟರ ದನಿಯಲ್ಲಿ ಅದಿರಲಿಲ್ಲ. ನನ್ನನ್ನು ಹೆದರಿಸಿದ್ದು ಅದೇ.

ಒಂದೇ ಮೂಲವನ್ನು ನಂಬಿ ಸುದ್ದಿ ಬರೆಯಬಾರದು. ಎರಡನೆಯ ಮೂಲ ನನ್ನ ಕಣ್ಣೇ ಆಗಬೇಕಿತ್ತು. ಹಾರಾಟದ ಭಾನುವಾರಕ್ಕೆ ನಾಲ್ಕು ದಿನ ಇರುವಾಗ, ಬುಧವಾರ ಬೆಳಿಗ್ಗೆ ನೋಟ್‌ಬುಕ್ಕನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ಅವರ ಮನೆಗೆ ಹೋದೆ. ಹೆಂಡತಿ ಇಳಿಸಿ ಹೋದಳು.

ಅಡುಗೆಮನೆಯ ಮೇಜಿನ ಬಳಿ ಕುಳಿತೆವು. ಭಾನುವಾರದ ಗಾಳಿ, ಮೋಡ, ಯಾವ ದಾರಿಯಲ್ಲಿ ನದಿಯ ಮೇಲೆ ಹೋಗುವುದು ಎಲ್ಲವನ್ನೂ ನಕ್ಷೆ ಬಿಡಿಸಿ ತೋರಿಸಿದರು. ಎತ್ತರದ ಅಂಕಿ, ರೇಡಿಯೋ ನಂಬರು ಒಂದೂ ತಪ್ಪಲಿಲ್ಲ. ನನ್ನ ಅನುಮಾನದ ಬಗ್ಗೆ ನನಗೇ ನಾಚಿಕೆಯಾಯಿತು.

"ಚಹಾ ಮಾಡ್ತೀನಿ, ಕೂಡ್ರಿ," ಎಂದು ಎದ್ದರು. ನಲ್ಲಿ ತಿರುಗಿಸಿ ಪಾತ್ರೆಗೆ ನೀರು ಹಿಡಿದರು. ಪಾತ್ರೆಯನ್ನು ಕಟ್ಟೆಯ ಮೇಲಿಟ್ಟರು. ನಲ್ಲಿ ಹರಿಯುತ್ತಲೇ ಇತ್ತು. ಎಡಗೈ ಗೋಡೆಯ ಫೋನಿನ ಕಡೆ ಚಾಚಿತು. ಕಣ್ಣು ಕಿಟಕಿಯಾಚೆ ಹಿತ್ತಿಲ ಹಿಮದ ಮೇಲಿತ್ತು. ಬೆರಳುಗಳು ನೋಡದೆಯೇ ನಂಬರು ಒತ್ತಿದವು. ರಿಸೀವರನ್ನು ಕಿವಿ ಮತ್ತು ಭುಜದ ನಡುವೆ ಹೆಂಗಸರು ಸಿಕ್ಕಿಸಿಕೊಳ್ಳುವ ಹಾಗೆ ಸಿಕ್ಕಿಸಿಕೊಂಡು ನಿಂತರು. ಒಂದು ಗುಂಡಿ ಒತ್ತಿ ಕೆಳಗಿಟ್ಟರು. ನಲ್ಲಿ ನಿಲ್ಲಿಸಿ ಸ್ಟವ್ ಹಚ್ಚಿದರು. ಗೋಡೆಯ ಗಡಿಯಾರದಲ್ಲಿ ಹತ್ತಕ್ಕೆ ಒಂದು ನಿಮಿಷ ಕಡಿಮೆ ಇತ್ತು.

"ಡಾಕ್ಟ್ರೇ, ಯಾರಿಗೆ ಫೋನ್ ಮಾಡಿದ್ರಿ?"

"ಯಾವ ಫೋನ್ ರೀ?" ಸಕ್ಕರೆ ಡಬ್ಬಿ ತೆಗೆಯುತ್ತಲೇ ಕೇಳಿದರು. "ಶುಗರ್ ಇಲ್ಲಲ್ಲ ನಿಮಗ? ಎರಡು ಚಮಚ ಹಾಕ್ಲಿ?"

ನಾನು ಎದ್ದು ಹೋಗಿ ಕೊನೆಯ ನಂಬರನ್ನೇ ಮತ್ತೆ ಕರೆಯುವ ರೀಡಯಲ್ ಗುಂಡಿ ಒತ್ತಿ ರಿಸೀವರನ್ನು ಅವರ ಕೈಗೆ ಕೊಟ್ಟೆ. ಎರಡು ರಿಂಗಾದ ಮೇಲೆ 'ಪೀಂ' ಎಂದದ್ದು ನನಗೂ ಕೇಳಿಸಿತು. ಅವರು ರಿಸೀವರನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದು ಅದನ್ನೇ ನೋಡುತ್ತ ನಿಂತರು. ಚಹಾ ಉಕ್ಕಿತು. ಸ್ಟವ್ ಆರಿಸಿದವನು ನಾನು.

ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದರು.

"ಎಷ್ಟ್ ಸಲ ಆತು?"

"ನಾನು ನೋಡಿದ್ದು ಹನ್ನೊಂದು ಸಲ. ಇವತ್ತಿಂದು ಸೇರಿದ್ರೆ ಹನ್ನೆರಡು."

"ನೀವು ಎಲ್ಲೂ ಅಂದಾಜಿಗೆ ಬರದಿಲ್ಲಲ್ಲ?"

"ಇಲ್ಲ."

ಅವರು ನೋಟ್‌ಬುಕ್ ಮುಚ್ಚಿದರು. "ಪೇಷಂಟ್ ಮಲಗಿಸಿದ ಮ್ಯಾಲೆ ಐದೈದು ನಿಮಿಷಕ್ಕ ಬರೀತಿದ್ದೆ ನಾ. ನಾಡಿ, ಬಿಪಿ, ಕೊಟ್ಟ ಔಷಧ. ಕೊಟ್ಟೀನೋ ಇಲ್ಲೋ ಅಂತ ಸಂಶಯ ಬಂದ್ರ, ಕೊಟ್ಟೀನಿ ಅಂತ ಮನಸು ಹೇಳಿದ್ರೂ ಕೇಳ್ತಿದ್ದಿಲ್ಲ. ಹಾಳಿ ಏನು ಹೇಳತೈತಿ ಅಷ್ಟ." ಮುಚ್ಚಿದ ನೋಟ್‌ಬುಕ್ಕನ್ನು ನನ್ನ ಕಡೆ ಸರಿಸಿ ಅಂದರು, "ಹಾಳಿ ಹೇಳಾಕತ್ತೈತಲ್ರೀ."

ಭಾನುವಾರ ನನ್ನನ್ನೂ ನನ್ನ ಹೆಂಡತಿಯನ್ನೂ ಕೂರಿಸಿಕೊಂಡು ಹಾರುವವರು ಅವರು. ಇಂಧನದ ಕೀಲಿ ತಿರುಗಿಸಿದ್ದು, ತಿರುಗಿಸದೆ ಬಿಟ್ಟದ್ದು ಅವರಿಗೆ ಹೀಗೆಯೇ ಮರೆತರೆ ಎಂಬ ಪ್ರಶ್ನೆಯನ್ನು ನಾನು ಕೇಳುವ ಅಗತ್ಯ ಬರಲಿಲ್ಲ.

"ನಡೀರಿ," ಅಂದರು. "ಕಾಯಾಕತ್ತೈತಿ ಅದು."

ಅವರ ಕಾರನ್ನು ನಾನು ಓಡಿಸಿದೆ. ಕೀಲಿಯನ್ನು ಅವರೇ ನನ್ನ ಕೈಗಿಟ್ಟಿದ್ದರು. ಹ್ಯಾಂಗರಿನ ಬಾಗಿಲು ಸರಿಸಿದಾಗ ಕೌದಿಯ ಅಡಿ ಕೆಂಪು ದೀಪ ಉರಿಯುತ್ತಿತ್ತು. ಹೊರಗೆ ಹದಿನೇಳು, ಒಳಗೆ ನಲವತ್ತೊಂದು. ಏರುತ್ತಿತ್ತು. ಡಾಕ್ಟರು ಕೌದಿಯ ಮೇಲೆ ಅಂಗೈ ಇಟ್ಟು, ರೋಗಿಯ ಎದೆ ನೋಡುವವರ ಹಾಗೆ ತಲೆ ಒಂದು ಕಡೆ ವಾಲಿಸಿ ನಿಂತರು.

ಆಗ ಫೋನ್ ರಿಂಗಾಯಿತು.

ನಾವಿಬ್ಬರೂ ಅಲುಗಲಿಲ್ಲ. ಎರಡನೆಯ ರಿಂಗಿಗೆ ಪೆಟ್ಟಿಗೆ ಎತ್ತಿಕೊಂಡಿತು. 'ಪೀಂ' ಅಂದಿತು. ಆ ಕಡೆಯಿಂದ ಯಾರೂ ಯಾವ ಗುಂಡಿಯನ್ನೂ ಒತ್ತಲಿಲ್ಲ. ಲೈನ್ ಸುಮಾರು ಹೊತ್ತು ತೆರೆದೇ ಇತ್ತು, ಆಮೇಲೆ ಕಟ್ಟಾಯಿತು. ಬೂದು ಪರದೆಯಲ್ಲಿ ನಂಬರಿರಲಿಲ್ಲ. ಹೊರ ಪ್ರದೇಶದ ಕರೆ ಎಂದಷ್ಟೇ ಇತ್ತು.

"ನಾ ಇಲ್ಲೇ ಅದೀನಲ್ರೀ," ಅಂದರು ಡಾಕ್ಟರು ನನ್ನ ಕಡೆ ತಿರುಗಿ. "ಇದನ್ನ ನನ್ನ ಲೆಕ್ಕಕ್ಕ ಹಿಡೀಬ್ಯಾಡ್ರಿ ಮತ್ತ."

"ಸೇಲ್ಸ್‌ನವರಿರಬೇಕು," ಅಂದೆ.

"ಇರಬೇಕು."

ಅದನ್ನೂ ಬರೆದುಕೊಂಡೆ. ಯಾರೆಂಬ ಜಾಗದಲ್ಲಿ 'ತಿಳಿದಿಲ್ಲ' ಎಂದು ಬರೆದೆ. ಇಂದಿಗೂ ಅದನ್ನು ತಿದ್ದಲು ನನಗೆ ಆಧಾರ ಸಿಕ್ಕಿಲ್ಲ.

ಡಾಕ್ಟರು ಬಗ್ಗಿ ಹೀಟರಿನ ಪ್ಲಗ್ ಕಿತ್ತರು. ಕೆಂಪು ದೀಪ ಆರಿತು. ಕೌದಿಯನ್ನು ಎತ್ತಿ, ಕಾಳಿದ್ದ ಮೂಲೆ ಮೇಲೆ ಬರುವಂತೆ ನಾಲ್ಕು ಮಡಿಕೆ ಮಾಡಿ ನನ್ನ ತೋಳಿನ ಮೇಲೆ ಹಾಕಿದರು. ಅದು ಇನ್ನೂ ಬೆಚ್ಚಗಿತ್ತು. ಬತ್ತಲೆ ಎಂಜಿನ್ ಚಳಿಗೆ ಸಣ್ಣ ಸಣ್ಣ ಸದ್ದು ಮಾಡತೊಡಗಿತು. ಲೋಹ ಆರುವಾಗ ಮಾಡುವ ಸದ್ದು. ಅವರ ಅಪ್ಪಣೆಯಂತೆ ಐದೈದು ನಿಮಿಷಕ್ಕೊಮ್ಮೆ ಅಂಕಿ ಓದಿದೆ, ಬರೆದೆ. ನಲವತ್ತೆರಡು. ಮೂವತ್ತೊಂಬತ್ತು. ಮೂವತ್ತಾರು. ಮೂವತ್ತಕ್ಕೆ ಬಂದಾಗ ಅವರು ಸಾಕು ಎಂದು ಕೈ ಎತ್ತಿದರು.

"ಇಲ್ಲಿ ಕೊಡ್ರಿ. ಬಂದ್ ಮಾಡಿದವರು ಸಹಿ ಮಾಡಬೇಕಾಗತೈತಿ."

ನೋಟ್‌ಬುಕ್ಕನ್ನು ರೆಕ್ಕೆಯ ಮೇಲಿಟ್ಟುಕೊಂಡು ಇಂಗ್ಲಿಷಿನಲ್ಲಿ ಒಂದು ಸಾಲು ಬರೆದರು: ಹೀಟರ್ ಕಾಯಂ ತೆಗೆಯಲಾಗಿದೆ, ಪೈಲಟ್ ಇನ್ನು ಹಾರಿಸುವುದಿಲ್ಲ. ಕೈಗಡಿಯಾರ ನೋಡಿ ಸಮಯ ಹಾಕಿದರು. ಸಹಿ ಮಾಡಿದರು. ಸಹಿಯ ಕೆಳಗೆ ಪೆನ್ನು ನಿಂತಿತು, ಕಾಗದಕ್ಕೆ ತಾಗಿಕೊಂಡೇ ಬಹಳ ಹೊತ್ತು ನಿಂತಿತು. ಒಂದು ಚುಕ್ಕೆ ಶಾಯಿ ಅಗಲವಾಗುತ್ತ ಹೋಯಿತು.

"ಇವತ್ತ ತಾರೀಖು ಎಷ್ಟ್ರೀ?" ಎಂದು ಕೇಳಿದರು.

ಹೇಳಿದೆ. ಅವರು ಬರೆದರು.