ಒಗ್ಗರಣೆ ಇಲ್ಲದ ಮೂರು ವರ್ಷ

ಪುಟ್ಟಿ, ಅಪ್ಪು, ಮೊನ್ನೆ ಘೋಡಬಂದರ್ ರಸ್ತೆಯ ಮನೆಯಲ್ಲಿ ಪೂಜೆಯ ಊಟಕ್ಕೆ ಕೂತಾಗ ದೊಡ್ಡಜ್ಜ ತಮ್ಮನಾದ ನಿಮ್ಮ ಅಜ್ಜನ ಮೇಲಿನ ಹಳೆಯ ತಮಾಷೆ ತೆಗೆದರು. "ಅಡಿಗೆ ಭಟ್ಟನಿಗೆ ಸಾಸಿವೆ ಹೆದರಿಕೆ. ಉಪ್ಪಿಗೆ ಹೆದರ್ಲಿಲ್ಲ, ನಮ್ಮ ಪುಣ್ಯ." ಪಂಕ್ತಿಯೆಲ್ಲ ನಕ್ಕಿತು. ನೀವೂ ನಕ್ಕಿರಿ. ಬಡಿಸುತ್ತಿದ್ದ ನಿಮ್ಮ ಅಜ್ಜಿ, ನಾನು, ಸಾರಿನ ಪಾತ್ರೆ ಹಿಡಿದು ಮುಂದಿನ ಎಲೆಗೆ ಹೋದೆ. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅಜ್ಜ ಡೊಂಬಿವಲಿಯ ಒಂದು ಹೋಟೆಲಿನಲ್ಲಿ ಸಾಂಬಾರು ಮಾಡುತ್ತಿದ್ದರು. ಒಂದು ಬೆಳಿಗ್ಗೆ ಒಗ್ಗರಣೆಯ ಸಾಸಿವೆ ಸಿಡಿಯುತ್ತಿದ್ದಾಗಲೇ ಗ್ಯಾಸಿನ ಪೈಪು ಹೊತ್ತಿಕೊಂಡಿತು. ಅಜ್ಜ ಹೊರಗೆ ಓಡಿದರು. ಪಕ್ಕದಲ್ಲಿ ಇಡ್ಲಿ ಬೇಯಿಸುತ್ತಿದ್ದ ಅವರ ಗೆಳೆಯ ಬದುಕಲಿಲ್ಲ.

ಅಜ್ಜನ ಕೈಯ ಗಾಯ ಬೇಗ ಒಣಗಿತು. ಆದರೆ ಮನೆಯಲ್ಲಿ ಸಾಸಿವೆ ಚಟಪಟ ಎಂದರೆ ಸಾಕು, ಬೆವೆತು, ಬರಿಗಾಲಲ್ಲಿ ಮೆಟ್ಟಿಲಿಳಿದು ಓಡುತ್ತಿದ್ದರು. ಕೆಲಸ ಬಿಟ್ಟರು. ದೊಡ್ಡಜ್ಜ ಸೋಮಾರಿ ಎಂದರು, ಊರಿಂದ ಮಂತ್ರಿಸಿದ ನೂಲು ತರಿಸಿ ಕಟ್ಟಿದರು. ನಾನು ಮಾಡಿದ್ದೂ ತಪ್ಪೇ. ಒಗ್ಗರಣೆ ಹಾಕುವುದನ್ನೇ ಬಿಟ್ಟೆ. ಅವರು ಗೆಳೆಯನ ಮಾತೆತ್ತಿದರೆ, ಕಾಫಿ ಮಾಡಲೇ ಎಂದು ಕೇಳಿ ಎದ್ದುಬಿಡುತ್ತಿದ್ದೆ.

ಮೂರು ವರ್ಷದ ಮೇಲೆ ನಿಮ್ಮ ಅಮ್ಮ ಹಟ ಹಿಡಿದು ಅಜ್ಜನನ್ನು ಥಾಣೆಯ ಮನೋವೈದ್ಯೆಯ ಬಳಿ ಕರೆದೊಯ್ದಳು. ಇದು ಪಿಟಿಎಸ್‌ಡಿ ಎಂಬ ಕಾಯಿಲೆ, ಆ ಬೆಂಕಿ ಆರಿದೆ ಎಂದು ಇವರ ಮೈಗೆ ಇನ್ನೂ ಗೊತ್ತಾಗಿಲ್ಲ ಎಂದರು ಡಾಕ್ಟರ್. ನಾನು ಸಾಸಿವೆ ಮುಚ್ಚಿಟ್ಟಷ್ಟೂ ಭಯ ಬಲಿಯುತ್ತದಂತೆ. ನನಗೆ ಡಾಕ್ಟರ್ ಮೇಲೆ ಸಿಟ್ಟು ಬಂತು.

ಮಾತ್ರೆ ಕೊಟ್ಟರು. ವಾರಕ್ಕೊಮ್ಮೆ ಆ ಬೆಳಗಿನ ಕತೆಯನ್ನು ಮೊದಲಿನಿಂದ ಹೇಳಿಸುತ್ತಿದ್ದರು. ನಾನು ಹೊರಗೆ ಬೆಂಚಿನ ಮೇಲೆ ಕೂತಿರುತ್ತಿದ್ದೆ. ಒಂದು ದಿನ ನನ್ನನ್ನೂ ಒಳಗೆ ಕರೆದರು. ಅಜ್ಜ ನೆಲ ನೋಡುತ್ತ ಹೇಳಿದರು: "ನಾನು ಓಡಿದೆ ಮಾರಾಯ್ತಿ. ಅವನನ್ನು ಕರೀಲೇ ಇಲ್ಲ."

ಮೂರು ವರ್ಷ ಈ ಮಾತು ಬಾಯಿಗೆ ಬಂದಾಗಲೆಲ್ಲ ನಾನು ಕಾಫಿ ಕೊಟ್ಟಿದ್ದೆ.

ಆಮೇಲೆ ಡಾಕ್ಟರ್ ಹೇಳಿದಂತೆ ಮನೆಯಲ್ಲಿ ದಿನಾ ಒಂದು ಚಮಚ ಸಾಸಿವೆ ಸಿಡಿಸಿದೆ. ಅಜ್ಜ ಮೊದಲು ಕೆಳಗೆ ಗೇಟಿನ ಹತ್ತಿರ ನಿಂತರು, ಆಮೇಲೆ ಮೆಟ್ಟಿಲಲ್ಲಿ, ಹೊಸ್ತಿಲಲ್ಲಿ. ತಿಂಗಳುಗಳೇ ಹಿಡಿದವು. ಕೊನೆಗೊಂದು ದಿನ ಸೌಟು ತಾವೇ ಹಿಡಿದರು. ಸಾಸಿವೆ ಸಿಡಿದು ಮುಗಿಯುವ ತನಕ ಒಲೆ ಬಿಟ್ಟು ಹೋಗಲಿಲ್ಲ. ಪೂರ್ತಿ ಗುಣವಾಯಿತೆನ್ನಲಾರೆ. ಪಟಾಕಿಗೆ ಸಾಯುವ ತನಕ ಬೆಚ್ಚುತ್ತಿದ್ದರು. ಆದರೆ ಚಿಕ್ಕಂದಿನಲ್ಲಿ ನೀವು ಚಪ್ಪರಿಸಿದ ಸಾಂಬಾರು ಆ ಕೈಯದು. ನಕ್ಕವರಲ್ಲಿ ಒಬ್ಬರಾದರೂ ಅಂಥ ಒಲೆಯ ಮುಂದೆ ನಿಂತು ತೋರಿಸಲಿ.

ನಿಮಗೆ ಕನ್ನಡ ಓದಲು ಕಷ್ಟ, ಅಮ್ಮ ಓದಿ ಹೇಳಲಿ. ಆ ಸಾಸಿವೆಯ ತಮಾಷೆ ಮತ್ತೆ ಪಂಕ್ತಿಗೆ ಬಂದೇ ಬರುತ್ತದೆ. ಎದುರು ನಿಂತು ಹೇಳುವ ಬಾಯಿ ನನಗಿಲ್ಲ. ಆ ದಿನ ಇದನ್ನು ಎಲ್ಲರೆದುರು ಅಮ್ಮನಿಂದ ಗಟ್ಟಿಯಾಗಿ ಓದಿಸಿ. ಅಲ್ಲಿಯವರೆಗೆ ಈ ಹಾಳೆಗಳನ್ನು ಕಳೆಯಬೇಡಿ.