ನವಿಲಿನ ಕುತ್ತಿಗೆ

ಕಾಪುವಿನ ನಮ್ಮ ಮನೆಯ ಮುಂಬಾಗಿಲಿನ ಮೇಲೆ ಗಾರೆಯಲ್ಲಿ ಮಾಡಿದ ಎರಡು ನವಿಲುಗಳಿವೆ. ಮನೆ ಅತ್ತೆಯ ತವರಿನದು; ಕಟ್ಟುವಾಗ ಅವರ ತಂದೆ ಮಾಡಿಸಿದ್ದು. ಎರಡು ವರ್ಷದ ಹಿಂದೆ ಎಸಿ ಹಾಕಲು ಒಳಗಿನಿಂದ ಗೋಡೆಗೆ ಡ್ರಿಲ್ ಹಿಡಿದಾಗ ಎಡಗಡೆಯ ನವಿಲಿನ ತಲೆ, ಕುತ್ತಿಗೆ ಎರಡೂ ಕಳಚಿ ಜಗಲಿಗೆ ಬಿದ್ದು ಪುಡಿಯಾದವು. ಎಸಿ ಬೇಕೆಂದು ಹಟ ಹಿಡಿದವಳು ನಾನೇ. ಅತ್ತೆ ಬೈಯಲಿಲ್ಲ. ಚೂರುಗಳನ್ನು ಮೊರದಲ್ಲಿ ತುಂಬಿ ಒಳಗಿಟ್ಟರು. ಬೈದಿದ್ದರೇ ಚೆನ್ನಾಗಿತ್ತು.

ಈ ವರ್ಷ ಹಿತ್ತಲಿನಲ್ಲಿ ಕಾಂಪೌಂಡ್ ಕಟ್ಟುತ್ತಿದ್ದ ಮೇಸ್ತ್ರಿಯನ್ನು ಕರೆದು ತೋರಿಸಿದೆ. ಎರಡೂ ನವಿಲುಗಳನ್ನು ಕೆತ್ತಿ ತೆಗೆದು, ಮಣಿಪಾಲದಲ್ಲಿ ಸಿಗುವ ರೆಡಿಮೇಡ್ ಪ್ಲಾಸ್ಟರ್ ಹೂವು ಅಂಟಿಸೋಣ ಎಂದರು. ಅವರಿಗೆ ಸಿಮೆಂಟು ಕಲಸಿಕೊಡುತ್ತಿದ್ದ ಬಾಗಲಕೋಟೆ ಕಡೆಯ ಹೆಂಗಸು ಬುಟ್ಟಿ ಇಳಿಸಿ ಮೇಲೆ ನೋಡುತ್ತ ನಿಂತಿದ್ದಳು.

"ನಾ ಮಾಡ್ತೀನ್ರೀ ಅಮ್ಮಾರ," ಎಂದಳು ಅತ್ತೆಗೆ. "ನಮ್ಮಪ್ಪ ಗುಡಿ ಗೋಪುರಕ್ಕ ಗೊಂಬಿ ಮಾಡ್ತಿದ್ದ. ನವಿಲಿನ ಗರಿ ಎಲ್ಲಾ ನನ್ನ ಕೈಲೇ ಮಾಡಸ್ತಿದ್ದ."

ಮೇಸ್ತ್ರಿ ನಕ್ಕುಬಿಟ್ಟರು. ಇಷ್ಟು ವರ್ಷ ಜೊತೆಗೆ ದುಡಿದರೂ ಅವರಿಗೆ ಇದು ಗೊತ್ತಿರಲಿಲ್ಲ, ಕೇಳಿಯೂ ಇರಲಿಲ್ಲ.

ಅತ್ತೆ ಮಾತ್ರ ನಗಲಿಲ್ಲ. "ಮಾಡು. ಇನ್ನು ಹಾಳಾಗಲಿಕ್ಕೆ ಎಂತ ಉಂಟು?" ಎಂದರು.

ಅವಳು ಸಿಮೆಂಟು ಮುಟ್ಟಲಿಲ್ಲ. ಚಿಪ್ಪಿನ ಸುಣ್ಣ ಬೇಕೆಂದಳು. ನಾನು ಕೆಮ್ಮಣ್ಣು ಎಂಬ ಊರಿಗೆ ಹೋಗಿ ಹುಡುಕಿ ತಂದುಕೊಟ್ಟೆ. ನಯವಾದ ಮರಳು, ಬೆಲ್ಲದ ನೀರು ಸೇರಿಸಿ ಇಡೀ ಬೆಳಿಗ್ಗೆ ಅರೆದಳು. ತಾಮ್ರದ ತಂತಿ ಬಗ್ಗಿಸಿ ಗೋಡೆಗೆ ಕೂರಿಸಿ, ಅದರ ಮೇಲೆ ತೆಳ್ಳಗೆ ಒಂದೊಂದೇ ಪದರ ಹಚ್ಚಿದಳು. ಒಂದು ಒಣಗದೆ ಇನ್ನೊಂದಿಲ್ಲ. ಗರಿಯ ಗೆರೆಗಳಿಗೆ ನಮ್ಮ ಅಡುಗೆಮನೆಯ ಚಮಚವೇ ಸಾಕಾಯಿತು. ಮೂರನೆಯ ದಿನ ಮೇಸ್ತ್ರಿ ತಾವೇ ಏಣಿ ಹಿಡಿದು ನಿಂತರು.

ತಲೆ ಮಾಡುವ ಹೊತ್ತಿಗೆ ಅವಳು ಕೇಳಿದಳು, ಇದು ಯಾವ ಕಡೆ ನೋಡುತ್ತಿತ್ತು ಎಂದು. ನಮ್ಮ ಮದುವೆಯ ಫೋಟೋ ತೆಗೆದು ನೋಡಿದರೆ ನವಿಲಿನ ತಲೆ ಮಾವಿನ ತೋರಣದ ಹಿಂದೆ ಮುಚ್ಚಿಹೋಗಿತ್ತು. ಅದು ರಸ್ತೆಯ ಕಡೆ ಮುಖ ಮಾಡಿದ್ದು ನನಗೆ ಚೆನ್ನಾಗಿ ನೆನಪಿತ್ತು. ಬಾಯಿ ತೆರೆಯುವಷ್ಟರಲ್ಲಿ ಅತ್ತೆ, "ಜೊತೆಯದ್ದನ್ನೇ ನೋಡುತ್ತಿತ್ತು," ಎಂದರು. ನಾನು ಫೋಟೋವನ್ನು ಒಳಗಿಟ್ಟು ಬಂದೆ.

ಮುಗಿದ ದಿನ ಸುಣ್ಣ ಬಳಿದು ಅವಳು ಕೆಳಗಿಳಿದಳು. ಎರಡು ನವಿಲುಗಳೂ ಎದುರುಬದುರಾಗಿ, ಈಗಷ್ಟೇ ಮಾತು ಶುರು ಮಾಡಿದವರ ಹಾಗೆ ಕೂತಿದ್ದವು. ಅತ್ತೆ ಕುರ್ಚಿ ತರಿಸಿಕೊಂಡು ಅಂಗಳದಲ್ಲಿ ಕೂತು ನೋಡಿದರು.

"ಸಣ್ಣವಳಿದ್ದಾಗಲೇ ಅಪ್ಪನ ಹತ್ತಿರ ಕೇಳಿದ್ದೆ, ಅದು ಯಾಕೆ ಕೋಪ ಮಾಡಿಕೊಂಡು ಮುಖ ತಿರುಗಿಸಿದೆ ಅಂತ," ಎಂದು ನನ್ನ ಕಿವಿಯಲ್ಲಿ ಹೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಸುಳ್ಳು ಹೇಳಿದ ಅತ್ತೆಯನ್ನು ನಾನು ಅದೇ ಮೊದಲು ಕಂಡದ್ದು. ನನಗೂ ನಗು ತಡೆಯಲಾಗಲಿಲ್ಲ.

ಮುಂದಿನ ತಿಂಗಳು ಮೇಸ್ತ್ರಿ ಅವಳನ್ನು ಕಾರ್ಕಳದ ಒಂದು ಮನೆಗೆ ಕರೆದುಕೊಂಡು ಹೋದರು. ಅಲ್ಲಿ ಕಂಬದ ತುದಿಯ ಗಾರೆಯ ಬಳ್ಳಿ ಉದುರಿತ್ತಂತೆ. ಈ ಸಲ ಸುಣ್ಣ ಅರೆದುಕೊಟ್ಟವರು ಮೇಸ್ತ್ರಿ.